ಕೆಂಡದ ಬಾಣಲೆ ಬೇಡ, ಮೊದಲು ಶೆಡ್ಡಿನ ಮಾಡು ನೋಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ, ಚಳಿಗಾಲದಲ್ಲಿ ಮನೆಯಲ್ಲೇ ಕೂತು ಕೆಲಸ ಮಾಡುವವರಿಗೆ ಅಂತ ಒಂದಷ್ಟು ಕಿವಿಮಾತು ಹಾಕಿದ್ದಿರಿ. ಹೊಲಿಗೆಯವರು, ಮರಗೆಲಸದವರು, ಮಿಕ್ಸಿ ರೇಡಿಯೋ ರಿಪೇರಿಯವರು ಎಲ್ಲರಿಗೂ ಸೇರಿಸಿ. ಓದಿ ಖುಷಿಯಾಯಿತು, ನಮ್ಮಂಥವರ ಶೆಡ್ಡಿನ ಬಗ್ಗೆ ಯಾರು ಬರೆಯುತ್ತಾರೆ ಹೇಳಿ. ಆದರೆ ಮೂರನೆಯ ಕಿವಿಮಾತಿಗೆ ಬಂದಾಗ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಕೋಣೆಯ ಬಾಗಿಲು ಕಿಟಕಿ ಚೆನ್ನಾಗಿ ಮುಚ್ಚಿಕೊಂಡು ಹಳೆಯ ಬಾಣಲೆಯಲ್ಲಿ ಕೆಂಡ ಇಟ್ಟುಕೊಳ್ಳಿ, ಕಾಸಿನ ಖರ್ಚಿಲ್ಲದೆ ಬೆಚ್ಚಗಿರಬಹುದು ಅಂತ ಇತ್ತು.

ಬರೆದವರು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಎರಡು ವರ್ಷದ ಹಿಂದೆ ಸರಿಯಾಗಿ ಅದನ್ನೇ ಮಾಡಿ ನಾನು ಸಾಯುವುದರಲ್ಲಿದ್ದೆ. ಅದಕ್ಕೇ ಈ ಪತ್ರ. ಉದ್ದವಾಯಿತು ಅನ್ನಿಸಿದರೆ ಎಲ್ಲಿ ಬೇಕಾದರೂ ಕತ್ತರಿ ಹಾಕಿ, ಕೆಂಡದ ಭಾಗಕ್ಕೆ ಮಾತ್ರ ಹಾಕಬೇಡಿ.

ನಮ್ಮ ಮನೆ ಮಾದಾಪುರದ ಹತ್ತಿರ. ಮನೆಯ ಹಿಂದೆ, ಬಚ್ಚಲ ಗೋಡೆಗೆ ಆತುಕೊಂಡ ಹಾಗೆ, 10 ಅಡಿ ಅಗಲ 14 ಅಡಿ ಉದ್ದದ ಒಂದು ಶೆಡ್ಡು ಇದೆ. ನೌಕರಿ ಮುಗಿದ ಮೇಲೆ ಅದರಲ್ಲಿ ಮರಗೆಲಸ ಶುರು ಮಾಡಿದೆ. ದೊಡ್ಡದೇನಲ್ಲ. ತೋಟದಲ್ಲಿ ಮುದಿಯಾದ ಕಾಫಿ ಗಿಡ ಕಿತ್ತು ಹೊಸದು ನೆಡುವಾಗ ಬುಡ ಸಮೇತ ಬೇರು ಬರುತ್ತದಲ್ಲ, ಅದನ್ನು ತಂದು ಮಣ್ಣು ತೊಳೆದು ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಿ ಟೀಪಾಯಿಗೆ ಕಾಲು ಮಾಡುತ್ತೇನೆ. ಮೇಲಕ್ಕೆ ಹಲಸಿನ ಹಲಗೆ, ಇಲ್ಲದಿದ್ದರೆ ಸಿಲ್ವರ್ ಓಕ್ ಮರದ್ದು. ಜೊತೆಗೆ ಮಣೆ, ಸ್ಟೂಲು, ಕಾಲು ಮುರಿದ ಕುರ್ಚಿ. ಹೋಂಸ್ಟೇಗಳು ಜಾಸ್ತಿಯಾದ ಮೇಲೆ ಕಾಫಿ ಬೇರಿನ ಟೀಪಾಯಿಗೆ ಕೇಳುವವರಿದ್ದಾರೆ, ಅದರಿಂದ ಸೌದೆಗೆ ಹೋಗುವ ಮರಕ್ಕೂ ಒಂದು ಬೆಲೆ ಬಂತು.

ಹೊರಗಿನವರಿಗೆ ಕೊಡಗಿನ ಚಳಿ ಅಂದರೆ ರಾಜಾಸೀಟಿನಲ್ಲಿ ಉಣ್ಣೆ ಟೋಪಿ ಹಾಕಿ ಫೋಟೋ ತೆಗೆಸಿಕೊಳ್ಳುವುದು. ಕರ್ನಾಟಕದ ಕಾಶ್ಮೀರ ಅಂತ ಬೇರೆ ಹೆಸರು. ನಿಜ ಹೇಳಬೇಕೆಂದರೆ ನಮ್ಮದು ಕಾಶ್ಮೀರದ ಚಳಿ ಏನಲ್ಲ, ಇಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ, ಕುಶಾಲನಗರ ಅದಕ್ಕಿಂತ ಸುಮಾರು 300 ಮೀಟರ್ ಕೆಳಗೆ. ಒಂದೇ ಜಿಲ್ಲೆ, ಎರಡು ಥರದ ಚಳಿ. ನನ್ನ ಶೆಡ್ಡಿನ ಗೋಡೆಯಲ್ಲಿ ನೇತಾಡುವ ಥರ್ಮಾಮೀಟರ್ ಜನವರಿಯ ಬೆಳಿಗ್ಗೆ ಏಳಕ್ಕೆ 11, 12 ತೋರಿಸುತ್ತಿತ್ತು, ಅದೇ ದಿನ ಮಧ್ಯಾಹ್ನ ಎರಡಕ್ಕೆ 27. ಅಂದರೆ ನಮಗೆ ದಿನವಿಡೀ ಕಾವು ಬೇಕಿಲ್ಲ. ಮಂಜು ಬಿಡುವವರೆಗೆ ಬೆಳಿಗ್ಗೆ ಒಂದು ಮೂರು ಗಂಟೆ, ಸಂಜೆ ಸೂರ್ಯ ಮರದ ಹಿಂದೆ ಹೋದ ಮೇಲೆ ಒಂದೆರಡು ಗಂಟೆ. ಕೆಲಸ ಕೆಡುವುದೂ ಆಗಲೇ, ಬೆರಳು ಸೆಟೆದು ಉಳಿ ಜಾರುವುದೂ ಆಗಲೇ.

ಈಗ ಕೆಂಡದ ವಿಷಯಕ್ಕೆ ಬರುತ್ತೇನೆ.

ಅದು ಡಿಸೆಂಬರ್ ಕೊನೆ. ಹೊಸ ವರ್ಷಕ್ಕೆ ಮುಂಚೆ ಒಂದು ಹೋಂಸ್ಟೇಗೆ ನಾಲ್ಕು ಟೀಪಾಯಿ ಕೊಡಬೇಕಿತ್ತು. ಸಂಜೆ ಬಚ್ಚಲ ಒಲೆಯಿಂದ ಒಳ್ಳೆಯ ನಿಗಿನಿಗಿ ಕೆಂಡ ಬಾಣಲೆಗೆ ತುಂಬಿಕೊಂಡು ಬಂದು ಬೆಂಚಿನ ಕೆಳಗೆ ಇಟ್ಟೆ. ಗಾಳಿ ನುಗ್ಗದ ಹಾಗೆ ಸೂರಿನ ಸಂದಿಗೆಲ್ಲ ಗೋಣಿಚೀಲ ತುರುಕಿ ಬಾಗಿಲು ಹಾಕಿಕೊಂಡೆ. ಹೊಗೆ ಇಲ್ಲ, ವಾಸನೆ ಇಲ್ಲ, ಕಾಲಿಗೆ ಹಿತವಾದ ಬಿಸಿ. ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲ ಅಂದುಕೊಂಡೆ. ಒಂದು ಗಂಟೆ ಕಳೆದ ಮೇಲೆ ತಲೆ ನೋಯಲು ಶುರುವಾಯಿತು. ಪಾಲಿಶ್ ವಾಸನೆಗೆ ಇರಬೇಕು ಅಂತ ಸುಮ್ನೆ ಉಜ್ಜುತ್ತಾ ಕೂತೆ. ಆಮೇಲೆ ಹೊಟ್ಟೆ ತೊಳೆಸಿದ ಹಾಗಾಯಿತು. ಕಣ್ಣು ಮಂಜಾಯಿತು. ಎದ್ದು ಹೊರಗೆ ಹೋಗಬೇಕು ಅನ್ನಿಸಿತು, ಆದರೆ ಕಾಲು ಕೇಳಲಿಲ್ಲ, ಮತ್ತು ಇಲ್ಲೇ ಸ್ವಲ್ಪ ಕಣ್ಣು ಮುಚ್ಚಿಕೊಂಡರೆ ಸರಿಹೋಗುತ್ತದೆ ಅಂತ ಅನ್ನಿಸತೊಡಗಿತು, ಅದೇ ಭಯದ ಸಂಗತಿ, ಏಕೆಂದರೆ ಆ ಹೊತ್ತಿಗೆ ನನಗೆ ಭಯವೇ ಆಗುತ್ತಿರಲಿಲ್ಲ. ಅಷ್ಟರಲ್ಲಿ ಹೆಂಡತಿ ಊಟಕ್ಕೆ ಕರೆಯಲು ಬಂದು ಬಾಗಿಲು ತೆಗೆದಳು. "ಏನ್ರೀ, ಮುಖ ಯಾಕೆ ಹೀಗಾಗಿದೆ?" ಅಂದದ್ದು ಕೇಳಿಸಿತು. ಆಮೇಲಿನದು ಅಂಗಳದಲ್ಲಿ ಮಲಗಿಸಿದ ನೆನಪು ಮಾತ್ರ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದ ಡಾಕ್ಟರು ಬಿಡಿಸಿ ಹೇಳಿದರು. ಕೆಂಡ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಅನ್ನುವ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತು ತಿರುಗುವ ಹಿಮೋಗ್ಲೋಬಿನ್‌ಗೆ ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತದೆ. ಗಾಡಿಯಲ್ಲಿ ಸೀಟು ಹಿಡಿದ ಮೇಲೆ ಅದು ಬೇಗ ಇಳಿಯುವುದಿಲ್ಲ, ಆಮ್ಲಜನಕಕ್ಕೆ ನಿಲ್ಲಲೂ ಜಾಗವಿಲ್ಲ. ನಾವು ಉಸಿರಾಡುತ್ತಲೇ ಇರುತ್ತೇವೆ, ಒಳಗೆ ಮಾತ್ರ ಉಸಿರು ಕಟ್ಟಿರುತ್ತದೆ. ಹೊಗೆಯಾದರೆ ಕಣ್ಣು ಉರಿದು ಎದ್ದು ಓಡುತ್ತೇವೆ. ಕೆಂಡಕ್ಕೆ ಹೊಗೆ ಇಲ್ಲ, ಅದಕ್ಕೇ ಮೋಸ ಹೋಗುತ್ತೇವೆ. ಇದ್ದಿಲಿಗೂ ಇದೇ ಮಾತು.

ಒಂದು ಕಿಟಕಿ ಸ್ವಲ್ಪ ತೆರೆದಿಟ್ಟರೆ ಆಯಿತಲ್ವಾ ಅಂತ ಕೇಳುವವರಿದ್ದಾರೆ. ಎಷ್ಟು ಸ್ವಲ್ಪ ಅಂತ ಯಾರು ಹೇಳುವುದು? ಗಾಳಿ ಬೀಸುವ ದಿನ ಸಾಕಾದ ಕಿಂಡಿ, ಮಂಜು ಕವಿದು ಎಲೆಯೂ ಅಲ್ಲಾಡದ ರಾತ್ರಿ ಸಾಕಾಗುವುದಿಲ್ಲ. ಕೆಂಡ ಅಂಗಳದಲ್ಲಿರಲಿ, ಅಲ್ಲಿ ಕೈ ಕಾಯಿಸಿಕೊಂಡು ಒಳಗೆ ಬನ್ನಿ. ಒಳಗೆ ಬೇಡ. ಈ ಅನಿಲ ಹೆಚ್ಚಾದರೆ ಕಿರುಚುವ ಅಲಾರಂ ಆನ್‌ಲೈನಿನಲ್ಲಿ ಸಿಗುತ್ತದೆ, ಬೆಂಕಿಯ ಹತ್ತಿರ ಕೆಲಸ ಮಾಡುವವರು ತರಿಸಿಕೊಂಡರೆ ಒಳ್ಳೆಯದು. ಆದರೆ ಅಲಾರಂ ಇದೆ ಅಂತ ಬಾಣಲೆ ಒಳಗೆ ತರುವುದು, ಹೆಲ್ಮೆಟ್ ಇದೆ ಅಂತ ಮರಕ್ಕೆ ಗುದ್ದಿದ ಹಾಗೆ.

ಇಷ್ಟೆಲ್ಲ ಆದ ಮೇಲೆ ಕೆಂಡ ಬಿಟ್ಟೆ, ಹೀಟರ್ ತಂದೆ. ನಿಮ್ಮ ಪುರವಣಿಯ ಎರಡನೆಯ ಕಿವಿಮಾತೂ ಅದೇ ಅಲ್ವಾ. ಅದರ ಕತೆಯನ್ನೂ ಕೇಳಿ.

2,000 ವ್ಯಾಟಿನ ಫ್ಯಾನ್ ಹೀಟರ್. ಗಂಟೆಗೆ 2 ಯೂನಿಟ್. ದಿನಕ್ಕೆ ನಾಲ್ಕು ಗಂಟೆ ಹಾಕಿದರೆ ತಿಂಗಳಿಗೆ 240 ಯೂನಿಟ್. 2023ರಲ್ಲಿ ಬಂದ ಉಚಿತ ಕರೆಂಟಿನ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಮನೆಯ ಫ್ರಿಜ್ಜು, ದೀಪ, ಪಂಪು ಲೆಕ್ಕಕ್ಕೇ ಬರುವ ಮೊದಲು ನನ್ನ ಒಂದು ಹೀಟರ್ ಆ ಗೆರೆ ದಾಟಿಸಿಬಿಟ್ಟಿತ್ತು. ಆ ತಿಂಗಳು ಬಿಲ್ಲು ನೋಡಿ ಹೆಂಡತಿ ಏನೂ ಹೇಳಲಿಲ್ಲ, ಟೀಪಾಯಿ ಎಷ್ಟಕ್ಕೆ ಮಾರಿದ್ದು ಅಂತ ಮಾತ್ರ ಕೇಳಿದಳು.

ಹೋಗಲಿ, ಬೆಚ್ಚಗಾದರೂ ಆಯಿತಾ? ಅದೂ ಇಲ್ಲ. ನಮ್ಮ ಕಡೆ ಸಂಜೆ ವೋಲ್ಟೇಜ್ ಇಳಿಯುತ್ತದೆ. 230 ಬರಬೇಕಾದ ಕಡೆ 180 ಬಂದರೆ ಹೀಟರ್ ಕೊಡುವ ಕಾವು ನೂರಕ್ಕೆ 60ರಷ್ಟು ಮಾತ್ರ. ಜೊತೆಗೆ ಫ್ಯಾನ್ ಹೀಟರ್ ಶೆಡ್ಡಿನ ಗಾಳಿಯನ್ನು ಹಿಂದಿನಿಂದ ಎಳೆದು ಕೆಂಪಗಾದ ತಂತಿಯ ಮೇಲೆ ಹಾಯಿಸುತ್ತದೆ. ಮರಗೆಲಸದ ಶೆಡ್ಡಿನ ಗಾಳಿ ಅಂದರೆ ಅರ್ಧ ಮರದ ಪುಡಿ. ಸುಟ್ಟ ವಾಸನೆ ಬಂತು, ಒಂದು ದಿನ ಒಳಗಿನಿಂದ ಒಂದೆರಡು ಕಿಡಿಯೂ ಹಾರಿತು. ಅಷ್ಟು ಸಾಕಾಯಿತು. ಈಗ ಅದು ಅಮ್ಮನ ಕೋಣೆಯಲ್ಲಿದೆ, ಅಲ್ಲಿ ಪುಡಿ ಇಲ್ಲ, ಬೆಳಿಗ್ಗೆ ಹತ್ತು ನಿಮಿಷ ಹಾಕಿದರೆ ಮುಗಿಯಿತು. ಕರೆಂಟಿನದ್ದೇ ಬೇಕು ಅನ್ನುವವರು ಎಣ್ಣೆ ತುಂಬಿದ ರೇಡಿಯೇಟರ್ ಥರದ್ದು ನೋಡಿ. ಅದರಲ್ಲಿ ಕೆಂಪಗೆ ಉರಿಯುವ ತಂತಿ ಹೊರಗೆ ಕಾಣುವುದಿಲ್ಲ, ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ. ಆದರೂ ಮೇಲೆ ಕೂರುವ ಪುಡಿ ದಿನಾ ಒರೆಸಬೇಕು. 2,000 ವ್ಯಾಟ್ ಅಂದರೆ ಸುಮಾರು 9 ಆಂಪಿಯರ್, ಅದಕ್ಕೆ ದೊಡ್ಡ ಪ್ಲಗ್ಗೇ ಬೇಕು, ಮೊಬೈಲ್ ಚಾರ್ಜ್ ಮಾಡುವ ಎಕ್ಸ್‌ಟೆನ್ಷನ್ ವೈರಿಗೆ ಚುಚ್ಚಿದರೆ ಹೀಟರಿಗಿಂತ ವೈರೇ ಬೇಗ ಕಾಯುತ್ತದೆ.

ನನಗೆ ಬುದ್ಧಿ ಬಂದದ್ದು ನಮ್ಮ ಊರಿನ ಹಳೆಯ ಆಚಾರಿಯಿಂದ. ಅವರು ಏನೋ ಕ್ಲ್ಯಾಂಪ್ ಕೇಳಲು ಬಂದವರು ಶೆಡ್ಡಿನ ಬಾಗಿಲಲ್ಲೇ ನಿಂತು ನನ್ನ ಹೀಟರ್ ಪುರಾಣ ಎಲ್ಲ ಕೇಳಿದರು. ಕೊನೆಗೆ, "ಸಾರ್, ಬೆಂಕಿ ಆಮೇಲೆ ನೋಡೋಣ, ಮೊದಲು ಮೇಲೆ ನೋಡಿ" ಅಂದರು.

ಮೇಲೆ ಏನಿದೆ? ಬರೀ ಜಿಂಕ್ ಶೀಟು. ಗೋಡೆಗೂ ಶೀಟಿಗೂ ಮಧ್ಯೆ ಒಂದು ಗೇಣು ಸಂದಿ. ಮಳೆಗಾಲಕ್ಕೆ ಅಂತ ಎತ್ತರವಾಗಿ, ಇಳಿಜಾರಾಗಿ ಕಟ್ಟಿದ್ದು, ನಡುವೆ 12 ಅಡಿ ಎತ್ತರ. ಬಿಸಿ ಗಾಳಿ ಮೇಲಕ್ಕೆ ಏರುತ್ತದೆ, ಶೀಟಿಗೆ ತಾಗಿ ತಣ್ಣಗಾಗುತ್ತದೆ, ಉಳಿದದ್ದು ಸಂದಿಯಿಂದ ಹೊರಗೆ. ನಾನು ದುಡ್ಡು ಕೊಟ್ಟು ಕಾಯಿಸುತ್ತಿದ್ದದ್ದು ತೋಟದ ಮೆಣಸಿನ ಬಳ್ಳಿಯನ್ನು. ಅದಲ್ಲದೆ ಬೆಳಗಿನ ಜಾವ ಶೀಟಿನ ಅಡಿಭಾಗ ಬೆವರುತ್ತದೆ, ಆ ಹನಿ ಸೀದಾ ಗರಗಸದ ಮೇಜಿನ ಮೇಲೆ ಬೀಳುತ್ತದೆ, ವಾರಕ್ಕೊಮ್ಮೆ ತುಕ್ಕು ಉಜ್ಜುವುದೇ ಒಂದು ಕೆಲಸವಾಗಿತ್ತು.

ನಮ್ಮ ಹಿರಿಯರ ಮನೆಗಳಲ್ಲಿ ಹೆಂಚಿನ ಕೆಳಗೆ ಮರದ ಮುಚ್ಚಿಗೆ ಇರುತ್ತಿತ್ತು. ಶೋಕಿಗೆ ಅಂತ ನಾನು ತಿಳಿದಿದ್ದೆ. ಆಚಾರಿ ಮತ್ತು ನಾನು ಸೇರಿ ಶೆಡ್ಡಿಗೂ ಅದನ್ನೇ ಮಾಡಿದೆವು. ನೆಲದಿಂದ 8 ಅಡಿಗೆ ಅಡ್ಡ ರೀಪು ಹೊಡೆದು ಸಿಲ್ವರ್ ಹಲಗೆ ಕೂರಿಸಿ, ಹಲಗೆಯ ಮೇಲುಗಡೆ 2 ಅಂಗುಲದ ಥರ್ಮಾಕೋಲ್ ಹಾಸಿದೆವು. ಥರ್ಮಾಕೋಲ್ ಕಣ್ಣಿಗೆ ಕಾಣುವ ಹಾಗೆ ಕೆಳಗೆ ಅಂಟಿಸಬೇಡಿ. ಅದಕ್ಕೆ ಬೆಂಕಿ ತಾಗಿದರೆ ಕರಗಿ ಉರಿಯುತ್ತಾ ತಲೆ ಮೇಲೆ ತೊಟ್ಟಿಕ್ಕುತ್ತದೆ, ಹೊಗೆಯೂ ಕೆಟ್ಟದ್ದು. ಅದರ ಮೇಲೆ ಕರೆಂಟಿನ ವೈರ್ ಹಾಯಬಾರದು. ಮೊದಲ ವರ್ಷ ನಾವು ಅಂಚಿಗೆ ಜಾಲರಿ ಹೊಡೆಯಲು ಮರೆತೆವು, ಇಲಿಗಳು ಅದನ್ನು ತರಿದು ಶೆಡ್ಡೊಳಗೆ ಹಿಮ ಸುರಿಸಿದವು. ಆ ಒಂದು ವಾರ ನಿಜಕ್ಕೂ ಕಾಶ್ಮೀರವೇ. ಈಗ ಸುತ್ತ ಸಣ್ಣ ಕಣ್ಣಿನ ಜಾಲರಿ ಇದೆ. ಮುಚ್ಚಿಗೆಗೂ ಶೀಟಿಗೂ ನಡುವೆ ಗಾಳಿ ಆಡಲು ಜಾಗ ಬಿಟ್ಟಿದ್ದೇವೆ, ಶೀಟು ಈಗಲೂ ಬೆವರುತ್ತದೆ, ಆದರೆ ಅಲ್ಲೇ ಆರುತ್ತದೆ, ಮೇಜಿಗೆ ಬೀಳುವುದಿಲ್ಲ.

ಸೂರಿನ ಸಂದಿ ಮುಚ್ಚಿ, ಒಂದು ಕಡೆ ಕೆಳಗೆ ಮತ್ತು ಎದುರು ಗೋಡೆಯಲ್ಲಿ ಮೇಲೆ ಎರಡು ಕಿಂಡಿ ಉಳಿಸಿಕೊಂಡೆವು. ಗಾಳಿ ಬರಲಿ, ಆದರೆ ನಾವು ಹೇಳಿದ ಕಡೆಯಿಂದ ಬರಲಿ. ಬಾಗಿಲಿಗೆ ಕಾಫಿ ಗೋಣಿಚೀಲ ಎರಡು ಪದರ ಹೊಲಿದು ಪರದೆ. ನಿಲ್ಲುವ ಜಾಗದಲ್ಲಿ ಸಿಮೆಂಟಿನ ಮೇಲೆ ಪಟ್ಟಿ ಹೊಡೆದ ಹಲಗೆ, ಅದರ ಮೇಲೆ ತೆಂಗಿನ ನಾರಿನ ಮ್ಯಾಟು. ಈ ಕೊನೆಯದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಆದರೆ ಒಂದು ಗಂಟೆ ತಣ್ಣನೆ ಸಿಮೆಂಟಿನ ಮೇಲೆ ನಿಂತು ನೋಡಿ, ಚಳಿ ಮಂಡಿಗೆ ಹತ್ತುತ್ತದೆ, ಮೇಲೆ ಎಷ್ಟು ಸ್ವೆಟರ್ ಹಾಕಿದರೂ ಅಷ್ಟೇ. ಇಷ್ಟಕ್ಕೇ, ಒಂದು ಕಡ್ಡಿ ಗೀರದೆ, ಬೆಳಗಿನ 11, 12 ಇದ್ದದ್ದು 15ಕ್ಕೆ ಬಂತು. ಹಿಂದಿನ ಮಧ್ಯಾಹ್ನದ ಬಿಸಿಲಿನ ಕಾವೇ ಒಳಗೆ ಉಳಿದದ್ದು, ಮತ್ತೇನಲ್ಲ.

ಅದರ ಮೇಲೆ ಇನ್ನೂ ನಾಲ್ಕು ಡಿಗ್ರಿ ಬಚ್ಚಲಿನಿಂದ ಬಂತು. ಇದು ಕೂಡ ಆಚಾರಿಯ ಕಣ್ಣಿಗೇ ಬಿದ್ದದ್ದು. ನಮ್ಮ ಹಂಡೆ ಒಲೆಯ ಹಿಂಗೋಡೆಯೇ ನನ್ನ ಶೆಡ್ಡಿನ ಪಕ್ಕದ ಗೋಡೆ. ಬೆಳಿಗ್ಗೆ ಐದೂವರೆಗೆ ಸ್ನಾನದ ನೀರಿಗೆ ಬೆಂಕಿ ಹಾಕಿದರೆ ಏಳೂವರೆ ಹೊತ್ತಿಗೆ ಆ ಇಟ್ಟಿಗೆ ಗೋಡೆ ಈ ಕಡೆಗೂ ಬೆಚ್ಚಗಾಗಿ, ಒಲೆ ಆರಿದ ಮೇಲೂ ಹತ್ತು ಹತ್ತೂವರೆವರೆಗೆ ಕಾವು ಬಿಡುತ್ತಾ ಇರುತ್ತದೆ. ಆ ಗೋಡೆಗೆ ನಾನು ಏನು ಆನಿಸಿದ್ದೆ ಗೊತ್ತಾ? ಪ್ಲೈವುಡ್ ಶೀಟುಗಳನ್ನು. ಬೆಂಚು ಇದ್ದದ್ದು ಆಚೆ ತುದಿಯಲ್ಲಿ, ಕಿಟಕಿಯ ಕೆಳಗೆ, ಶೆಡ್ಡಿನಲ್ಲೇ ಅತಿ ತಣ್ಣಗಿನ ಮೂಲೆಯಲ್ಲಿ. ಪ್ಲೈವುಡ್ ಅಲ್ಲಿಂದ ತೆಗೆದು ಬೆಂಚನ್ನು ಗೋಡೆಯ ಹತ್ತಿರಕ್ಕೆ ತಂದೆ. ಅಷ್ಟೇ. ಎರಡು ಚಳಿಗಾಲ ನಾನು ಬೆನ್ನ ಹಿಂದೆ ಒಲೆ ಇಟ್ಟುಕೊಂಡು ನಡುಗಿದ್ದೆ.

ಆದರೆ ಒಂದು ಎಚ್ಚರಿಕೆ. ಆ ಗೋಡೆಯಲ್ಲಿ ಬಿರುಕಿದ್ದರೆ ಹೊಗೆ, ಜೊತೆಗೆ ಅದೇ ಹಾಳು ಅನಿಲ, ಈ ಕಡೆಗೆ ಬರುತ್ತದೆ. ನಾವು ಎರಡೂ ಕಡೆ ಹೊಸದಾಗಿ ಗಾರೆ ಮಾಡಿಸಿ, ಒಲೆಗೆ ಸರಿಯಾದ ಹೊಗೆ ಕೊಳವೆ ಹಾಕಿಸಿ, ಅದನ್ನು ಮಾಡಿನಿಂದ ಮೇಲಕ್ಕೆ ಬಿಟ್ಟೆವು. ಬೆಂಕಿ ಒಂದು ಕಡೆ, ಹೊಗೆ ಆಕಾಶಕ್ಕೆ, ಕಾವು ಮಾತ್ರ ನಮಗೆ, ಹಾಗಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಸ್ತ್ರ ಒಲೆ 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಿಗೆ ಬಂದದ್ದು ಹಿರಿಯರಿಗೆ ನೆನಪಿರುತ್ತದೆ, ಅದರಲ್ಲೂ ಇದೇ ಉಪಾಯ, ಬೆಂಕಿಯನ್ನು ಮುಚ್ಚಿ ಕೂರಿಸಿ ಹೊಗೆಯನ್ನು ಕೊಳವೆಯಲ್ಲಿ ಕಳಿಸುವುದು. ಸೌದೆ ಒಣಗಿರಬೇಕು, ಹಸಿ ಸೌದೆ ತನ್ನ ನೀರು ಆರಿಸಿಕೊಳ್ಳುವುದಕ್ಕೇ ಬೆಂಕಿಯ ಒಂದು ಪಾಲು ತಿನ್ನುತ್ತದೆ. ನಾನು ಹೋದ ವರ್ಷದ ಮರ ಕಪಾತಿನ ಕೊಂಬೆಗಳನ್ನೇ ಈ ವರ್ಷ ಸುಡುವುದು, ಜೊತೆಗೆ ಶೆಡ್ಡಿನ ತುಂಡು ಮರ. ಪ್ಲೈವುಡ್ಡು, ಪೇಂಟ್ ಬಳಿದ ಹಲಗೆ ಒಲೆಗೆ ಹಾಕುವುದಿಲ್ಲ, ಅದರ ಅಂಟಿನ ಹೊಗೆ ಒಳ್ಳೆಯದಲ್ಲ.

ಎಲ್ಲರ ಶೆಡ್ಡೂ ಬಚ್ಚಲಿಗೆ ಆತುಕೊಂಡಿರುವುದಿಲ್ಲ, ಗೊತ್ತು. ಅಡುಗೆಮನೆ ಒಲೆಯ ಗೋಡೆ ನೋಡಿ. ಅದೂ ಇಲ್ಲದಿದ್ದರೆ ಮುಚ್ಚಿಗೆಯಲ್ಲೇ ಅರ್ಧ ಕೆಲಸ ಆಗುತ್ತದೆ.

ಗ್ಯಾಸ್ ಹೀಟರ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಬೆಂಕಿಯ ಅಪಾಯ ಹಾಗಿರಲಿ, ಒಂದು ಕೆಜಿ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಆ ಕೋಣೆಗೇ ಸೇರುತ್ತದೆ. ಆ ಆವಿ ಹೋಗಿ ಕೂರುವುದು ತಣ್ಣಗಿರುವ ಕಬ್ಬಿಣದ ಮೇಲೆ, ಅಂದರೆ ನಿಮ್ಮ ಉಳಿ, ಗರಗಸ, ಕೀಸುಳಿಯ ಮೇಲೆ. ಬೆಚ್ಚಗಾಯಿತು ಅಂತ ಮಲಗಿ ಬೆಳಿಗ್ಗೆ ಎದ್ದರೆ ಎಲ್ಲ ಕೆಂಪು.

ಚಳಿಯಲ್ಲಿ ಕೆಲಸ ಹೇಗೆ ಕೆಡುತ್ತದೆ ಅನ್ನುವುದನ್ನು ನಿಮ್ಮ ಪುರವಣಿ ಮುಟ್ಟಲೇ ಇಲ್ಲ. ಬರೀ ಮೈ ಬೆಚ್ಚಗಿದ್ದರೆ ಸಾಲದು. ನಾನು ಹೇಳಿದ ಆ ನಾಲ್ಕು ಟೀಪಾಯಿಗಳಲ್ಲಿ ಒಂದರ ಕಾಲು ಹದಿನೈದೇ ದಿನಕ್ಕೆ ಕಳಚಿ, ಅತಿಥಿಯ ಕಾಫಿ ಸಮೇತ ಮಗುಚಿಕೊಂಡಿತು. ವಾಪಸ್ ತಂದು ನೋಡಿದರೆ ಕೂಡುಗೆಯ ಒಳಗೆ ಅಂಟು ಸುಣ್ಣದ ಪುಡಿಯ ಹಾಗೆ ಬೆಳ್ಳಗಿತ್ತು. ಮರಕ್ಕೆ ಹಚ್ಚುವ ಬಿಳಿ ಅಂಟು ಸರಿಯಾಗಿ ಒಣಗಿದರೆ ಕನ್ನಡಿಯ ಹಾಗೆ ತಿಳಿಯಾಗುತ್ತದೆ. ತೀರಾ ತಣ್ಣಗಿದ್ದಾಗ ಅದರ ಕಣಗಳು ಒಂದಕ್ಕೊಂದು ಬೆರೆಯುವ ಮೊದಲೇ ನೀರು ಆರಿಹೋಗುತ್ತದೆ, ಉಳಿಯುವುದು ಪುಡಿ, ಬಲವಿಲ್ಲ. ಎಷ್ಟು ಡಿಗ್ರಿಗಿಂತ ಕೆಳಗೆ ಹಚ್ಚಬಾರದು ಅಂತ ಒಂದೊಂದು ಅಂಟಿಗೆ ಒಂದೊಂದು ಲೆಕ್ಕ, ಡಬ್ಬದ ಮೇಲೆ ಓದಿಕೊಳ್ಳಿ. ನಾನು ಈಗ ಅಂಟಿನ ಬಾಟಲಿಯನ್ನು ರಾತ್ರಿ ಅಡುಗೆಮನೆಯಲ್ಲಿ ಇಡುತ್ತೇನೆ. ಬಾಟಲಿ ಮಾತ್ರ ಬೆಚ್ಚಗಿದ್ದು ಮರ ತಣ್ಣಗಿದ್ದರೂ ಪ್ರಯೋಜನವಿಲ್ಲ, ಹಚ್ಚಿದ ಕ್ಷಣಕ್ಕೆ ತಣ್ಣಗಾಗುತ್ತದೆ. ಹಾಗಾಗಿ ಅಂಟಿಸುವ ತುಂಡುಗಳನ್ನೂ ಹಿಂದಿನ ದಿನವೇ ಒಳಗೆ ತಂದಿಡುತ್ತೇನೆ, ಹೆಂಡತಿ ಬೈದುಕೊಂಡೇ ದಾಟಿಕೊಂಡು ಓಡಾಡುತ್ತಾಳೆ. ಕ್ಲ್ಯಾಂಪ್ ಹಾಕಿದ ಮೇಲೆ ಮರದ ಪೆಟ್ಟಿಗೆಯೊಂದರಲ್ಲಿ ಕೋಳಿಮರಿಗೆ ಹಾಕುವ ಬಲ್ಬು ನೇತುಬಿಟ್ಟು ಅದರೊಳಗೆ ಇಡುವುದುಂಟು. ಎಲ್‌ಇಡಿ ಆಗುವುದಿಲ್ಲ, ಅದಕ್ಕೆ ಕಾವಿಲ್ಲ. ಬಲ್ಬು ಮರಕ್ಕೂ ಬಟ್ಟೆಗೂ ತಾಗಬಾರದು, ನಾವು ಎದುರಿಗೆ ಇರುವಾಗ ಮಾತ್ರ. ಎರಡು ಟ್ಯೂಬು ಕಲಸಿ ಹಚ್ಚುವ ಅಂಟಿನದ್ದು ಬೇರೆ ಕತೆ, ಅದು ಕೆಡುವುದಕ್ಕಿಂತ ಜಾಸ್ತಿ ತಡ ಮಾಡುತ್ತದೆ. 10 ಡಿಗ್ರಿ ಇಳಿದರೆ ಗಟ್ಟಿಯಾಗಲು ಹೆಚ್ಚುಕಡಿಮೆ ಎರಡರಷ್ಟು ಹೊತ್ತು.

ಪಾಲಿಶ್ ಬೆಳಿಗ್ಗೆ ಬೇಡವೇ ಬೇಡ. ಥಿನ್ನರ್ ಬೇಗ ಆರುತ್ತಾ ಹಲಗೆಯ ಮೇಲ್ಮೈಯನ್ನು ಇನ್ನೂ ತಣ್ಣಗೆ ಮಾಡುತ್ತದೆ, ಮಂಜಿನ ಪಸೆ ಅಲ್ಲೇ ಕೂತು ಹೊಳಪೆಲ್ಲ ಬೂದು ಬಳಿದ ಹಾಗಾಗುತ್ತದೆ. ಹನ್ನೊಂದರಿಂದ ಮೂರರವರೆಗೆ, ಕಿಟಕಿ ತೆರೆದು, ಯಾವ ಬೆಂಕಿಯೂ ಹೀಟರೂ ಇಲ್ಲದಾಗ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಆ ಬೆಚ್ಚಗಿನ ಗೋಡೆಯ ಮೂಲೆಗೆ ಎಸೆಯಬೇಡಿ, ಅದು ತನ್ನಷ್ಟಕ್ಕೆ ತಾನೇ ಕಾದು ಹೊತ್ತಿಕೊಳ್ಳುತ್ತದೆ. ಹೊರಗೆ ತಂತಿಯ ಮೇಲೆ ಬಿಡಿಸಿ ಹಾಕಿ. ಕಾಫಿ ಬೇರನ್ನೂ ಬೆಚ್ಚಗಿನ ಗೋಡೆಗೆ ಒತ್ತಿ ಇಡಬಾರದು, ಒಂದು ಬದಿ ಬೇಗ ಒಣಗಿ ಟಪ್ ಅಂತ ಸೀಳುತ್ತದೆ, ಆ ಶಬ್ದ ಕೇಳಿದರೆ ಆರು ತಿಂಗಳು ಕಾದದ್ದು ದಂಡ ಅಂತ ಅರ್ಥ.

ಬಟ್ಟೆಯ ಬಗ್ಗೆ ಒಂದೇ ಮಾತು. ಮಫ್ಲರ್ ಸುತ್ತಿಕೊಂಡು, ಉಣ್ಣೆ ಕೈಗವಸು ಹಾಕಿಕೊಂಡು ಡ್ರಿಲ್ಲು, ತಿರುಗುವ ಗರಗಸದ ಹತ್ತಿರ ಹೋಗುವವರನ್ನು ಕಂಡಿದ್ದೇನೆ. ಒಂದು ಎಳೆ ಸಿಕ್ಕಿದರೆ ಮೆಷಿನ್ನು ಕೈಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ತೋಳಿಲ್ಲದ ಸ್ವೆಟರ್, ಕಿವಿ ಮುಚ್ಚುವ ಟೋಪಿ, ಕಾಲಿಗೆ ದಪ್ಪ ಸಾಕ್ಸು. ಕೈ ಸೆಟೆದರೆ ಮೆಷಿನ್ ನಿಲ್ಲಿಸಿ ಬಿಸಿ ಬೆಲ್ಲದ ಕಾಫಿಯ ಲೋಟ ಎರಡೂ ಕೈಯಲ್ಲಿ ಹಿಡಿದುಕೊಳ್ಳಿ, ಕುಡಿಯುವುದು ಆಮೇಲೆ.

ನನ್ನ ಶೆಡ್ಡಿನ ಕತೆ ಇಷ್ಟು. ಈಗ ನಿಮ್ಮಿಂದ ಆಗಬೇಕಾದ್ದು ಒಂದಿದೆ.

ಆ ಪುರವಣಿ ನನ್ನಂಥ ನಾಲ್ಕು ಜನ ಹವ್ಯಾಸಿಗಳು ಮಾತ್ರ ಓದುವುದಲ್ಲ. ಇದು ಕಾಫಿ ಕುಯ್ಲಿನ ಕಾಲ. ತೋಟದ ಕೂಲಿಯವರು ಇರುವ ಲೈನ್ ಮನೆಗಳಲ್ಲಿ ಸಣ್ಣ ಒಂದು ಕೋಣೆ, ಒಂದು ಕಿಟಕಿ, ಒಳಗೆ ಐದಾರು ಜನ. ಈಗೀಗ ಅಸ್ಸಾಂ, ಬಂಗಾಳದ ಕಡೆಯಿಂದಲೂ ಬಂದಿದ್ದಾರೆ, ಅವರಿಗೆ ನಮ್ಮ ಊರಿನ ಚಳಿ ಹೊಸದು, ಮೈಮೇಲೆ ಒಂದು ತೆಳು ಹೊದಿಕೆ. ಮಕ್ಕಳಿಗೆ ಚಳಿಯಾಗುತ್ತದೆ ಅಂತ ರಾತ್ರಿ ಒಲೆಯ ಕೆಂಡವನ್ನು ತಗಡಿನ ಡಬ್ಬದಲ್ಲಿ ಒಳಗೆ ತಂದಿಟ್ಟು ಬಾಗಿಲು ಹಾಕಿ ಮಲಗುವುದು ನಾನೇ ನೋಡಿದ್ದೇನೆ. ನನಗೆ ಬಾಗಿಲು ತೆಗೆಯಲು ಹೆಂಡತಿ ಬಂದಳು. ಎಲ್ಲರೂ ಒಳಗೇ ಮಲಗಿರುವ ಕೋಣೆಯ ಬಾಗಿಲು ತೆಗೆಯುವವರು ಯಾರು? ಚಳಿಗಾಲ ಬಂದರೆ ದೇಶದ ಯಾವುದೋ ಮೂಲೆಯಿಂದ ಇಂಥ ಸುದ್ದಿ ಬಂದೇ ಬರುತ್ತದೆ, ನಿಮ್ಮ ಪತ್ರಿಕೆಯಲ್ಲೇ ಒಳಪುಟದಲ್ಲಿ ಬಂದಿರುತ್ತದೆ. ಅದೇ ಪತ್ರಿಕೆಯ ಪುರವಣಿಯಲ್ಲಿ ಕೆಂಡ ಇಟ್ಟುಕೊಳ್ಳಿ ಅಂತ ಕಿವಿಮಾತು ಬರುವುದು ಸರಿಯಾ?

ದಯವಿಟ್ಟು ಬರುವ ಭಾನುವಾರ ಅದೇ ಪುಟದಲ್ಲಿ, ಅದೇ ಜಾಗದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ತಿದ್ದುಪಡಿ ಹಾಕಿ. ಹನ್ನೊಂದನೆಯ ಪುಟದ ಮೂಲೆಯಲ್ಲಿ ವಿಷಾದಿಸುತ್ತೇವೆ ಅಂತ ಹಾಕಿದರೆ ಯಾರೂ ಓದುವುದಿಲ್ಲ. ಇನ್ನು ಇದನ್ನು ಓದುವ ತೋಟದ ಮಾಲೀಕರು, ಲೆಕ್ಕ ಬರೆಯುವ ರೈಟರುಗಳು, ಮೇಸ್ತ್ರಿಗಳಲ್ಲಿ ನನ್ನ ಕೋರಿಕೆ, ಕನ್ನಡ ಓದಲು ಬಾರದವರಿಗೆ ಬಾಯಲ್ಲೇ ಹೇಳಿ, ಸಂಜೆ ತೂಕ ಹಾಕುವ ಹೊತ್ತಿಗೆ ಎರಡು ನಿಮಿಷ ಸಾಕು. ಹೇಳಿದ ಮೇಲೆ ಎರಡು ಕಂಬಳಿಯನ್ನೂ ಕೊಡಿ, ಇಲ್ಲದಿದ್ದರೆ ಕೆಂಡ ಮತ್ತೆ ಒಳಗೆ ಬರುತ್ತದೆ.

ನಮ್ಮ ಪಕ್ಕದ ತೋಟದ ರೈಟರಿಗೆ ಮೊನ್ನೆ ಹೇಳಿದೆ. ಅವರು ಹಿಂದಿಯಲ್ಲಿ ದೊಡ್ಡದಾಗಿ ಒಂದು ಚೀಟಿ ಬರೆದು ಲೈನ್ ಮನೆಯ ನೀರಿನ ನಲ್ಲಿಯ ಹತ್ತಿರ ಅಂಟಿಸಿದ್ದಾರೆ. ಅಂಟು ನನ್ನದೇ, ಮಧ್ಯಾಹ್ನ ಹನ್ನೆರಡಕ್ಕೆ ಹಚ್ಚಿದ್ದು.

ಇಂತಿ,
ನಿಮ್ಮ ಹಳೆಯ ಓದುಗ,
ಮಾದಾಪುರ, ಕೊಡಗು